ಗೌರಿ ಬಾಗಿನಕ್ಕೂ ಪಕ್ಷವೇ?

ಪ್ರಶ್ನೆ: ಅಕ್ಕಾ, ನನ್ನ ತವರು ಅರಕಲಗೂಡು. ಕೊಟ್ಟಿದ್ದು ಚನ್ನರಾಯಪಟ್ಟಣ ತಾಲ್ಲೂಕಿನ ಒಂದು ಹಳ್ಳಿಗೆ. ಮಾವನವರಿಗೆ ವಯಸ್ಸಾಗಿದೆ. ದೊಡ್ಡಗೌಡ್ರು ಅಂದರೆ ಅವರಿಗೆ ಪ್ರಾಣ. ಭಾವನವರೂ ತೆನೆ ಪಕ್ಷವೇ. ನಮ್ಮ ಯಜಮಾನರು ಹಾಸನದಲ್ಲಿ ಕೆಲಸದಲ್ಲಿದ್ದಾರೆ, 2024ರಿಂದ ಕೈ ಪಕ್ಷದ ಕಡೆ ವಾಲಿದ್ದಾರೆ. ನಾದಿನಿಯನ್ನು ಹೊಳೆನರಸೀಪುರಕ್ಕೆ ಕೊಟ್ಟಿದೆ. ಅವಳ ಮನೆಯವರು ಹಳೇ ಕಾಲದಿಂದ ಪುಟ್ಟಸ್ವಾಮಿಗೌಡರ ಕಡೆಯವರು. ಹೋದ ಸಲ ಗೌರಿ ಹಬ್ಬಕ್ಕೆ ಬಾಗಿನ ತಗೊಂಡು ಹೋಗಬೇಕಾಗಿದ್ದ ಭಾವನವರು ಹೋಗಲಿಲ್ಲ. ದೊಡ್ಡವನೇ ಹೋಗದಿದ್ದ ಮೇಲೆ ನಾನ್ಯಾಕೆ ಹೋಗಲಿ ಅಂತ ನಮ್ಮವರೂ ಸುಮ್ಮನಾದರು.

ಮೈದುನ ಅಮೆರಿಕದ ಮೇರಿಲ್ಯಾಂಡ್‌ನಲ್ಲಿದ್ದಾನೆ. ಅಲ್ಲಿನ ಸರ್ಕಾರದ ಕೆಲಸ ಮಾಡಿಕೊಡುವ ಕಾಂಟ್ರಾಕ್ಟ್ ಕಂಪನಿಯಲ್ಲಿ ನೌಕರಿ. 2025ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಬಂದ್ ಆಗಿ ತನಗೆ ಸಂಬಳ ನಿಂತಿದೆ ಅಂತ ಮನೆ ಗ್ರೂಪಿನಲ್ಲಿ ಒಂದು ಸಾಲು ಹಾಕಿದ. ಟ್ರಂಪ್ ಮಾಡಿದ್ದೇ ಸರಿ ಅಂತ ಭಾವನವರು, ಅಲ್ಲ ಅಂತ ನಮ್ಮವರು. ಅಲ್ಲಿಂದ ಶುರುವಾಗಿದ್ದು 2019ರಲ್ಲಿ ಸಮ್ಮಿಶ್ರ ಸರ್ಕಾರ ಬೀಳಿಸಿದ್ದು ಯಾರು ಅನ್ನುವಲ್ಲಿಗೆ ಬಂದು ನಿಂತಿತು. ಮೈದುನ ಗ್ರೂಪ್ ಬಿಟ್ಟು ಹೋದ. ಈಗ ವೈಶಾಖದಲ್ಲಿ ನನ್ನ ಮಗಳ ಮದುವೆ. ಶಾಸಕರ ಹೆಸರಿಲ್ಲದಿದ್ದರೆ ಧಾರೆಗೆ ಕೂರುವುದಿಲ್ಲ ಅಂತ ಮಾವನವರು, ಸಂಸದರ ಹೆಸರು ಬರಲೇಬೇಕು ಅಂತ ನಮ್ಮವರು. ಲಗ್ನಪತ್ರಿಕೆ ಅಚ್ಚಿಗೆ ಹೋಗಿಲ್ಲ. ನಾನು ಯಾರಿಗೆ ಹೇಳಲಿ?
— ಹೆಸರು ಬೇಡ, ಚನ್ನರಾಯಪಟ್ಟಣ ತಾಲ್ಲೂಕು

ಉತ್ತರ: ತಂಗೀ, ರಾಜಕೀಯ ಮನೆಯ ಹೊರಗಿರಲಿ ಎಂದು ಹೇಳಿ ಕೈತೊಳೆದುಕೊಳ್ಳುವ ಉತ್ತರ ನನ್ನಿಂದ ಬೇಡ. ಹಾಸನ ಜಿಲ್ಲೆಯಲ್ಲಿ ಆ ಮಾತು ನಡೆಯುವುದಿಲ್ಲ. ಡೇರಿಗೆ ಹಾಲು ಹಾಕುವುದರಿಂದ ಹಿಡಿದು ಸೊಸೈಟಿ ಸಾಲ, ಮಗನ ವರ್ಗಾವಣೆ, ಆಸ್ಪತ್ರೆಯಲ್ಲೊಂದು ಹಾಸಿಗೆಯವರೆಗೆ ಯಾರ ಪರಿಚಯ ಇದೆ ಎನ್ನುವುದು ಲೆಕ್ಕಕ್ಕೆ ಬರುವ ಊರು ನಿಮ್ಮದು. ಗಂಡಸರು ಬರೀ ಹಟಕ್ಕೆ ಬಡಿದಾಡುತ್ತಿದ್ದಾರೆ ಎಂದು ನಾನು ತಿಳಿದಿಲ್ಲ. ಅವರ ಪಕ್ಷನಿಷ್ಠೆಗೆ ಕಾರಣಗಳಿವೆ, ಮೊದಲು ಅವನ್ನು ನೋಡೋಣ.

ನಿಮ್ಮ ಮಾವನವರಿಂದಲೇ ಶುರುಮಾಡುತ್ತೇನೆ. ಹರದನಹಳ್ಳಿಯ ದೇವೇಗೌಡರು 1962ರಲ್ಲಿ ಪಕ್ಷೇತರರಾಗಿ ಹೊಳೆನರಸೀಪುರದಿಂದ ಗೆದ್ದಾಗ ಮಾವನವರು ಚಿಕ್ಕ ಹುಡುಗ. ಗೊರೂರಿನ ಹೇಮಾವತಿ ಅಣೆಕಟ್ಟೆ 1979ರಲ್ಲಿ ಮುಗಿಯಿತು. ಎಡದಂಡೆ ನಾಲೆಯ ನೀರು ನಿಮ್ಮ ತಾಲ್ಲೂಕಿನ ಕಡೆ ಹರಿಯಿತು, ಬಾಗೂರು-ನವಿಲೆ ಸುರಂಗ ದಾಟಿ ತುಮಕೂರಿಗೂ ಹೋಯಿತು. 1980ರ ದಶಕದಲ್ಲಿ ಹೆಗಡೆ ಸರ್ಕಾರದಲ್ಲಿ ನೀರಾವರಿ ಖಾತೆ ದೇವೇಗೌಡರ ಕೈಯಲ್ಲಿತ್ತು, ನೀರಾವರಿಗೆ ದುಡ್ಡು ಸಾಲದು ಎಂದು ಅದೇ ಸರ್ಕಾರದ ಮೇಲೆ ಅವರು ಮುನಿಸಿಕೊಂಡದ್ದೂ ಇದೆ. ಆ ತಲೆಮಾರಿನ ರೈತನಿಗೆ ದೊಡ್ಡಗೌಡರೆಂದರೆ ಚಿಹ್ನೆಯಲ್ಲ, ನೀರು. ನಾಲೆ ತೋಡಿಸಿದ್ದರಲ್ಲಿ ಯಾರ ಪಾಲು ಎಷ್ಟು ಎನ್ನುವುದನ್ನು ಇತಿಹಾಸ ಬರೆಯುವವರು ನೋಡಿಕೊಳ್ಳಲಿ. ನೀವು ಒಂದು ಸಂಜೆ ಮಾವನವರ ಹತ್ತಿರ ಕೂತು, ನಮ್ಮ ಹೊಲಕ್ಕೆ ಮೊದಲು ನೀರು ಬಂದದ್ದು ಯಾವಾಗ ಎಂದು ಕೇಳಿ. ಪಕ್ಷದ ಮಾತು ಎತ್ತಲೇಬೇಡಿ. ಅವರು ಹೇಳುವಾಗ ನಿಮ್ಮ ಯಜಮಾನರೂ ಪಕ್ಕದಲ್ಲಿದ್ದು ಕೇಳಲಿ. ಇಷ್ಟು ವರ್ಷ ಅಪ್ಪನ ಜೊತೆ ವಾದ ಮಾಡಿದ್ದಾರೆ, ಈ ಕಥೆ ಪೂರ್ತಿ ಕೇಳಿರಲಾರರು.

ನಿಮ್ಮ ಯಜಮಾನರ ಸಿಟ್ಟಿಗೂ ಬುಡ ಇದೆ. 2024ರಿಂದ ಎಂದು ಬರೆದಿದ್ದೀರಿ, ಯಾವ ವಿಷಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿ ಮಾತ್ರ ನಾನು ಎರಡೂ ಕಡೆ ಸರಿ ಎನ್ನುವ ತಕ್ಕಡಿ ಹಿಡಿಯುವುದಿಲ್ಲ. ಹೆಣ್ಣುಮಕ್ಕಳ ಮೇಲೆ ನಡೆದ ದೌರ್ಜನ್ಯದ ಬಗ್ಗೆ 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ದೊಡ್ಡಗೌಡರ ಮೊಮ್ಮಗ ಪ್ರಜ್ವಲ್ ರೇವಣ್ಣ ಅವರಿಗೆ ಜೀವಾವಧಿ ಶಿಕ್ಷೆ ಕೊಟ್ಟಿದೆ. ಮೇಲ್ಮನವಿ ಅದರ ಪಾಡಿಗೆ ನಡೆಯಲಿ. ಅದನ್ನು ನಿಮ್ಮ ಪಕ್ಷ, ನಮ್ಮ ಪಕ್ಷ ಎಂದು ಗ್ರೂಪಿನಲ್ಲಿ ಎಸೆದಾಡುವುದು, ವಿಡಿಯೊ ಅದು ಇದು ಎಂದು ಚಟಾಕಿ ಹಾರಿಸುವುದು ಯಾರು ಮಾಡಿದರೂ ತಪ್ಪು. ಆ ಗ್ರೂಪಿನಲ್ಲಿ ನೀವಿದ್ದೀರಿ, ಮದುವೆಗೆ ನಿಂತ ಮಗಳಿದ್ದಾಳೆ. ಆ ವಿಷಯ ಬಂದಾಗ ಇದು ಇಲ್ಲಿ ಬೇಡ ಎಂದು ನೇರ ಬರೆಯಿರಿ. ಸೊಸೆ ಬಾಯಿಬಿಟ್ಟಳು ಎಂದು ಒಂದು ದಿನ ಮುಖ ಊದಿಸಿಕೊಳ್ಳುತ್ತಾರೆ. ಊದಿಸಿಕೊಳ್ಳಲಿ.

ಇನ್ನು ನಿಷ್ಠೆಯ ಮಾತು. ನಿಮ್ಮ ತವರು ಅರಕಲಗೂಡು ಎಂದಿರಿ, ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. 2019ರ ಲೋಕಸಭೆಗೆ ಅರಕಲಗೂಡಿನ ಎ. ಮಂಜು ಕಮಲದ ಅಭ್ಯರ್ಥಿ, ಎದುರಿಗೆ ತೆನೆಯ ಪ್ರಜ್ವಲ್. ಸಮ್ಮಿಶ್ರ ಸರ್ಕಾರದಲ್ಲಿ ಜೊತೆಗಿದ್ದ ಕೈ ಪಕ್ಷದವರು ಆಗ ತೆನೆಗೆ ಮತ ಕೇಳಬೇಕಾಯಿತು. ನಿಮ್ಮ ನಾದಿನಿಯ ಮನೆಯವರೂ ಆ ಸಲ ಪಕ್ಷದ ಮಾತು ಕೇಳಿದರೋ ಹಳೇ ಹಗೆಯ ಮಾತು ಕೇಳಿದರೋ ಅವರೇ ಹೇಳಬೇಕು. ಸೋತ ಮಂಜು ಆ ಗೆಲುವಿನ ವಿರುದ್ಧ ಹೈಕೋರ್ಟಿಗೆ ಹೋದರು. ತೀರ್ಪು ಬಂದದ್ದು 2023ರ ಸೆಪ್ಟೆಂಬರ್ 1ರಂದು, ಆಯ್ಕೆ ಅಸಿಂಧು ಎಂದು. ಅಷ್ಟರಲ್ಲಿ ಅರ್ಜಿ ಹಾಕಿದ ಮಂಜು ತೆನೆ ಪಕ್ಷದಿಂದಲೇ ಅರಕಲಗೂಡಿನ ಶಾಸಕರಾಗಿ ಕೂತಿದ್ದರು! ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು, ಅದು ಬೇರೆ ಮಾತು. ಅವರಿಗಿಂತ ಮುಂಚೆ ಅಲ್ಲಿ ತೆನೆಯ ಶಾಸಕರಾಗಿದ್ದ ಎ.ಟಿ. ರಾಮಸ್ವಾಮಿ 2023ರ ಚುನಾವಣೆಗೆ ಮುಂಚೆ ಕಮಲಕ್ಕೆ ಹೋದರು. ವರ್ಷ ತಿರುಗುವುದರೊಳಗೆ ಅವರು ಬಿಟ್ಟುಬಂದ ಪಕ್ಷವೇ ಕಮಲದ ಮೈತ್ರಿಕೂಟ ಸೇರಿತು. ನಿಮ್ಮ ಅಣ್ಣತಮ್ಮಂದಿರನ್ನು ಕೇಳಿ, ಅರಕಲಗೂಡಿನಲ್ಲಿ ಬೆಂಬಲಿಗರು ಬಾವುಟ ಎಷ್ಟು ಸಲ ಬದಲಿಸಿದರು ಎಂದು ನಗುತ್ತಲೇ ಹೇಳಿಯಾರು. ಹಾಸನದ ಪೇಟೆಯಲ್ಲೂ 2023ರಲ್ಲಿ ಟಿಕೆಟ್ ಯಾರಿಗೆ ಎಂದು ದೊಡ್ಡಗೌಡರ ಮನೆಯೊಳಗೇ ಎರಡು ಮಾತಾಗಿತ್ತು. ಕೊನೆಗೆ ಸ್ವರೂಪ್ ಪ್ರಕಾಶ್‌ಗೆ ಟಿಕೆಟ್ ಆಯಿತು, ಅವರು ಗೆದ್ದೂ ಬಂದರು. ಆ ಮನೆಯವರು ತಮ್ಮ ಬಿರುಕನ್ನು ಚುನಾವಣೆಯ ದಿನಕ್ಕೆ ಮುಚ್ಚಿಕೊಂಡರು, ನಿಮ್ಮ ಮನೆಯವರು ಹಬ್ಬದ ದಿನಕ್ಕೂ ಮುಚ್ಚಿಕೊಳ್ಳಲಿಲ್ಲ.

ಹೊಳೆನರಸೀಪುರದ ಹಗೆ ಮಾತ್ರ ಈ ತರದ್ದಲ್ಲ, ಒಪ್ಪುತ್ತೇನೆ. 1999ರಲ್ಲಿ, ಪ್ರಧಾನಿಯಾಗಿ ಬಂದಿದ್ದ ದೇವೇಗೌಡರನ್ನೇ ಹಾಸನದಲ್ಲಿ ಜಿ. ಪುಟ್ಟಸ್ವಾಮಿಗೌಡರು ಸೋಲಿಸಿದರು. 25 ವರ್ಷಗಳ ಮೇಲೆ, 2024ರಲ್ಲಿ, ಪುಟ್ಟಸ್ವಾಮಿಗೌಡರ ಮೊಮ್ಮಗ ಶ್ರೇಯಸ್ ಪಟೇಲ್ ದೇವೇಗೌಡರ ಮೊಮ್ಮಗ ಪ್ರಜ್ವಲ್ ಅವರನ್ನು ಸೋಲಿಸಿದರು. ಎರಡು ಮನೆಗಳ ನಡುವಿನ ಈ ಜಿದ್ದಿನಲ್ಲಿ ಊರೂರೇ ಎರಡಾಗಿ ನಿಂತಿದ್ದನ್ನು ಆ ತಾಲ್ಲೂಕಿನವರು ಬಲ್ಲರು. ಅಂಥ ಊರಿಗೆ ನಿಮ್ಮ ಮಾವನವರು ಮಗಳನ್ನು ಕೊಡುವಾಗ ಬೀಗರು ಯಾವ ಕಡೆ ಎಂದು ಗೊತ್ತಿಲ್ಲದೆ ಕೊಟ್ಟರೇ? ಗೊತ್ತಿತ್ತು. ಹುಡುಗ ಒಳ್ಳೆಯವನು, ಮನೆ ಒಳ್ಳೆಯದು ಎಂದು ಕೊಟ್ಟರು. ಆಗ ಅಡ್ಡಬರದ ಪಕ್ಷ ಈಗ ಬಾಗಿನಕ್ಕೆ ಅಡ್ಡಬಂದಿದೆ. ಕಾಗದದಲ್ಲಿ ನನಗೆ ಎಲ್ಲಕ್ಕಿಂತ ಕೋಪ ಬಂದದ್ದು ಇಲ್ಲೇ. ಅಣ್ಣಂದಿರ ಜಗಳದಲ್ಲಿ ಒಂದು ಮಾತೂ ಆಡದ ಹೆಣ್ಣುಮಗಳು ಗೌರಿ ಹಬ್ಬದ ದಿನ ಬಾಗಿಲು ನೋಡಿಕೊಂಡು ಕೂತಿರಬೇಕು, ಅತ್ತೆಮನೆಯವರ ಎದುರಿಗೆ.

ಅಮೆರಿಕದಲ್ಲಿ ನಿಮ್ಮ ಮೈದುನನಿಗೆ ಆದದ್ದೂ ಇದೇ, ಜಗಳ ಯಾರದೋ, ಪೆಟ್ಟು ಜಗಳದಲ್ಲಿ ಇಲ್ಲದವನಿಗೆ. ಅಲ್ಲಿ ವರ್ಷದ ಖರ್ಚಿಗೆ ಸಂಸತ್ತು ಹೊತ್ತಿಗೆ ಸರಿಯಾಗಿ ಒಪ್ಪಿಗೆ ಕೊಡದಿದ್ದರೆ ಕಚೇರಿಗಳ ಬಾಗಿಲು ಮುಚ್ಚುತ್ತವೆ. ಮುಂಚೆ ಹಾಗಿರಲಿಲ್ಲ. ಹಣದ ಒಪ್ಪಿಗೆ ತಡವಾದರೂ ಕೆಲಸ ಹೇಗೋ ನಡೆಯುತ್ತಿತ್ತು. 1980ರಲ್ಲಿ ಅಲ್ಲಿನ ಅಟಾರ್ನಿ ಜನರಲ್ ಕಾನೂನನ್ನು ಬಿಗಿಯಾಗಿ ಓದಿದ ಮೇಲೆ ಬಾಗಿಲು ಹಾಕುವ ಪದ್ಧತಿ ಬಂತು. 2018ರ ಕೊನೆಗೆ ಶುರುವಾದದ್ದು 35 ದಿನ ನಡೆಯಿತು. 2025ರಲ್ಲಿ ಆರೋಗ್ಯ ವಿಮೆಯ ಸಹಾಯಧನದ ಮೇಲಿನ ಹಟದಿಂದ ಅಕ್ಟೋಬರ್ 1ಕ್ಕೆ ಮುಚ್ಚಿದ್ದು ನವೆಂಬರ್ 12ರವರೆಗೆ ಎಳೆಯಿತು, 43 ದಿನ. ಸರ್ಕಾರಿ ನೌಕರರಿಗೆ ನಿಂತ ಸಂಬಳ ಆಮೇಲೆ ಸಿಗಬೇಕೆಂದು 2019ರಲ್ಲೇ ಕಾನೂನಾಗಿದೆ. ಕಾಂಟ್ರಾಕ್ಟ್ ಕಂಪನಿಯವರಿಗೆ ಆ ಕಾನೂನು ಅನ್ವಯಿಸುವುದಿಲ್ಲ, ಅವರ ದಿನಗಳು ಹೋದರೆ ಹೋದವು. ಅಂದರೆ ನಿಮ್ಮ ಮೈದುನ ಗ್ರೂಪಿನಲ್ಲಿ ಹಾಕಿದ್ದು ರಾಜಕೀಯವಲ್ಲ, ಕಷ್ಟ. ಬಾಡಿಗೆ ಹೇಗೆ ಕಟ್ಟುತ್ತೀಯೋ ಎಂದು ಒಬ್ಬರೂ ಕೇಳಲಿಲ್ಲ. ಅವನು ಗ್ರೂಪ್ ಬಿಟ್ಟದ್ದರಲ್ಲಿ ಆಶ್ಚರ್ಯವೇನಿದೆ? ನೀವು ಇವತ್ತೇ ಫೋನ್ ಮಾಡಿ, ಕಂಪನಿ ಆ ದಿನಗಳ ದುಡ್ಡು ಕೊಟ್ಟಿತೇ, ಸಾಲ ಆಗಿದೆಯೇ ಎಂದು ಕೇಳಿ. ಅತ್ತಿಗೆ ಕೇಳಿದರೆ ಹೇಳುತ್ತಾನೆ, ಅಣ್ಣಂದಿರಿಗೆ ಹೇಳಲಾರ. ಗ್ರೂಪಿಗೆ ವಾಪಸ್ ಬಾ ಎಂದು ಮಾತ್ರ ಒತ್ತಾಯಿಸಬೇಡಿ.

ನಮ್ಮಲ್ಲಿ ಹಾಗೆ ಬಾಗಿಲು ಮುಚ್ಚುವುದಿಲ್ಲ, ಹಣದ ಮಸೂದೆ ಸೋತರೆ ಸರ್ಕಾರವೇ ಹೋಗುತ್ತದೆ. ಆದರೂ ನಿಮ್ಮ ಮನೆಯವರು ಜಗಳ ತಂದು ನಿಲ್ಲಿಸಿದ ಆ 2019ರಲ್ಲೇ ನಾವು ಅಂಚಿಗೆ ಹೋಗಿ ಬಂದಿದ್ದೇವೆ. ಶಾಸಕರು ಮುಂಬೈ ಹೋಟೆಲಿನಲ್ಲಿ, ಇಲ್ಲಿ ವಿಶ್ವಾಸಮತದ ಮೇಲೆ ದಿನಗಟ್ಟಲೆ ಭಾಷಣ. ಜುಲೈ 23ರಂದು 99 ಮತಕ್ಕೆ ಎದುರಾಗಿ 105 ಬಿದ್ದು ಕುಮಾರಸ್ವಾಮಿ ಸರ್ಕಾರ ಹೋಯಿತು. ರಾಜ್ಯದ ಖರ್ಚಿಗೆ ಸದನದ ಒಪ್ಪಿಗೆ ಇದ್ದದ್ದು ಜುಲೈ 31ರವರೆಗೆ ಮಾತ್ರ. ಆ ಗಡುವು ದಾಟಿದ್ದರೆ ಆಗಸ್ಟ್‌ನಲ್ಲಿ ಮೇಷ್ಟ್ರಿಗೂ ನರ್ಸಿಗೂ ಸಂಬಳ ಕೊಡಲು ಖಜಾನೆಯಿಂದ ಹಣ ತೆಗೆಯುವಂತಿರಲಿಲ್ಲ. ಯಡಿಯೂರಪ್ಪ 26ಕ್ಕೆ ಪ್ರಮಾಣ ಮಾಡಿದರು, 29ಕ್ಕೆ ಬಹುಮತ ತೋರಿಸಿದರು. ಅವತ್ತೇ, ತಾವು ಉರುಳಿಸಿದ ಸರ್ಕಾರ ಸಿದ್ಧಮಾಡಿಟ್ಟಿದ್ದ ಹಣದ ಮಸೂದೆಯನ್ನೇ ಮುಂದಿಟ್ಟು ಮೂರು ತಿಂಗಳ ಲೇಖಾನುದಾನಕ್ಕೆ, ಅಂದರೆ ಅಷ್ಟು ದಿನದ ಖರ್ಚಿಗೆ, ಒಪ್ಪಿಗೆ ಪಡೆದರು. 17 ಜನ ಶಾಸಕರ ಅನರ್ಹತೆಯ ಗಲಾಟೆ ಕೋರ್ಟಿನಲ್ಲಿ ಆಮೇಲೂ ನಡೆಯಿತು. ಯಾರೂ ಯಾರನ್ನೂ ಕ್ಷಮಿಸಲಿಲ್ಲ. ಸಂಬಳ ಮಾತ್ರ ನಿಲ್ಲಲಿಲ್ಲ.

ನಿಮ್ಮ ಮನೆಗೆ ಬೇಕಾಗಿರುವುದೂ ಅಂಥದ್ದೊಂದು ಲೇಖಾನುದಾನ. ಅಪ್ಪ-ಮಗ, ಅಣ್ಣ-ತಮ್ಮ ಒಂದೇ ಮಾತಿಗೆ ಬರಲಿ ಎಂದು ಕಾಯಬೇಡಿ, ಅವರು ಬರುವುದಿಲ್ಲ. ಬರಬೇಕಾಗಿಯೂ ಇಲ್ಲ. ಜಗಳ ಎಷ್ಟೇ ನಡೆಯಲಿ, ನಿಲ್ಲಬಾರದ ಕೆಲಸ ಯಾವುವು ಎಂದು ಅವರನ್ನೆಲ್ಲ ಕೂರಿಸಿ ಗೊತ್ತುಮಾಡಿಸಿ. ನಾದಿನಿಗೆ ಹಬ್ಬದ ಬಾಗಿನ, ಮಾವನವರನ್ನು ಆಸ್ಪತ್ರೆಗೆ ಕರೆದೊಯ್ಯುವ ಸರದಿ, ಹಿರಿಯರ ಎಡೆ, ಹೊರದೇಶದಲ್ಲಿರುವವನಿಗೆ ವಾರಕ್ಕೊಂದು ಫೋನ್. ಇದಕ್ಕೆ ಯಾರು, ಯಾವಾಗ ಎಂದು ಹೆಸರಿಟ್ಟು ಹೇಳಿಸಿ. ದೊಡ್ಡವನು ಹೋಗದಿದ್ದರೆ ನಾನೂ ಹೋಗಲ್ಲ ಎನ್ನುವುದಕ್ಕೆ ಆಗ ಜಾಗ ಇರುವುದಿಲ್ಲ. ಈ ಮಾತನ್ನು ನೀವೇ ಎತ್ತಬೇಕೆಂದಿಲ್ಲ. ಮಗಳ ಬಾಯಲ್ಲಿ ಹೇಳಿಸಿ, ತಾತ ಅವಳ ಮಾತು ತೆಗೆದುಹಾಕುವುದಿಲ್ಲ.

ಲಗ್ನಪತ್ರಿಕೆಯ ವಿಷಯಕ್ಕೆ ಬರೋಣ. ಯಾವ ರಾಜಕಾರಣಿಯ ಹೆಸರನ್ನೂ ಅಚ್ಚು ಹಾಕಿಸಬೇಡಿ. ಒಂದು ಹೆಸರು ಬಂದರೆ ಅದು ಮೇಲಿರಬೇಕೋ ಕೆಳಗಿರಬೇಕೋ ಎನ್ನುವ ಎರಡನೇ ಜಗಳ ಹುಟ್ಟುತ್ತದೆ. ಪತ್ರಿಕೆ ಹಿಡಿದು ಶಾಸಕರ ಮನೆಗೆ ಮಾವನವರೇ ಹೋಗಲಿ, ಭಾವನವರು ಜೊತೆಗಿರಲಿ. ಸಂಸದರಿಗೆ ನಿಮ್ಮ ಯಜಮಾನರು ಕೊಟ್ಟುಬರಲಿ. ಕರೆಯುವ ಗೌರವ ಇಬ್ಬರಿಗೂ ಸಿಕ್ಕಿತು. ಮುಹೂರ್ತದ ದಿನ ನಮ್ಮ ಕಡೆಯ ನಾಯಕರು ಹತ್ತಾರು ಮದುವೆ ಸುತ್ತುತ್ತಾರೆ. ಬಂದು ಅಕ್ಷತೆ ಹಾಕಿ, ಫೋಟೊ ತೆಗೆಸಿಕೊಂಡು ಮುಂದಿನ ಛತ್ರಕ್ಕೆ ಹೊರಡುತ್ತಾರೆ. ಅವರಿಗೆ ನಿಮ್ಮ ಪತ್ರಿಕೆಯಲ್ಲಿ ಹೆಸರಿತ್ತೇ ಎಂದು ನೋಡಲು ಪುರುಸೊತ್ತಿರುವುದಿಲ್ಲ. ವೇದಿಕೆಯಲ್ಲಿ ಮೈಕ್ ಇಡಬೇಡಿ. ಛತ್ರದ ಮುಂದೆ ಫ್ಲೆಕ್ಸ್ ಹಾಕಲು ಹುಡುಗರು ಬಂದರೆ ಮದುಮಕ್ಕಳದ್ದು ಮಾತ್ರ ಎಂದು ಮುಂಚೆಯೇ ಹೇಳಿಬಿಡಿ. ಆಮೇಲೆ ಕೀಳಿಸಲು ಹೋದರೆ ಅದೇ ರಂಪ. ಧಾರೆಗೆ ಕೂರುವುದಿಲ್ಲ ಎಂಬ ಮಾವನವರ ಮಾತಿಗೆ ಈಗ ಉತ್ತರ ಕೊಡಲು ಹೋಗಬೇಡಿ. ಪತ್ರಿಕೆಯ ಮೇಲ್ಗಡೆ ಆಹ್ವಾನಿಸುವ ಹಿರಿಯರಾಗಿ ಅವರ ಹೆಸರನ್ನೇ, ದೊಡ್ಡ ಅಕ್ಷರದಲ್ಲಿ ಹಾಕಿಸಿ ಕರಡು ತಂದು ತೋರಿಸಿ.

ಪಟ್ಟಿ ಮಾಡುವಾಗ ಇನ್ನೊಂದನ್ನು ಮರೆಯಬೇಡಿ. ಹುಡುಗಿಯನ್ನು ಹಸೆಗೆ ಕರೆತರಬೇಕಾದವನು ಸೋದರಮಾವ, ಅಂದರೆ ಅರಕಲಗೂಡಿನ ನಿಮ್ಮ ಅಣ್ಣನೋ ತಮ್ಮನೋ. ಅವನ ಪಕ್ಷ ಈ ವರ್ಷ ಯಾವುದು ಎಂದು ನಿಮ್ಮ ಭಾವನವರು ಕೆಣಕುವ ಮುಂಚೆಯೇ ಅವನಿಗೆ ಹೇಳಿಟ್ಟಿರಿ, ಕೆಣಕಿದರೆ ನಕ್ಕು ಸುಮ್ಮನಿರು ಎಂದು. ಸೋದರತ್ತೆಯ ಕೆಲಸ ನಾದಿನಿಯದು. ಅವಳನ್ನು ಪತ್ರಿಕೆ ಕೊಟ್ಟು ಕರೆಯುವುದಲ್ಲ, ಅಚ್ಚಿಗೆ ಕೊಡುವುದಕ್ಕೆ ಮುಂಚೆ ಹೋಗಿ ಕೇಳಬೇಕು. ಹೋದ ವರ್ಷದ ಬಾಗಿನದ ಸೀರೆ, ಬಳೆ, ಅರಿಶಿನ ಕುಂಕುಮ ಈಗ ಕೊಟ್ಟರೂ ಅವಳು ಬೇಡ ಎನ್ನುವುದಿಲ್ಲ. ಭಾವನವರು ಒಪ್ಪಿದರೆ ಅವರನ್ನೂ ಕಾರಿಗೆ ಹತ್ತಿಸಿಕೊಳ್ಳಿ. ಒಪ್ಪದಿದ್ದರೆ ನೀವೂ ನಿಮ್ಮ ಯಜಮಾನರೂ ಹೋಗಿ, ಅಂಗಳದಲ್ಲೇ ನಿಂತು ಮಾತಾಡಿ ಬರದೆ ಊಟ ಮಾಡಿಕೊಂಡು ಬನ್ನಿ.