ಬರಿ ಜೋಡಣೆ ಸಾಕೋ, ಪರೀಕ್ಷೆಯೂ ಬೇಕೋ: ಬೋರ್ಡು ಮಾಡಿಸುವ ಎಳೆಯರಿಗೆ ಕಿವಿಮಾತು

ಶಿವಮೊಗ್ಗ, ಭದ್ರಾವತಿಯ ಎಂಜಿನಿಯರಿಂಗ್ ಮಕ್ಕಳು ಅಡಿಕೆ ತೋಟದ ಪಂಪ್‌ಸೆಟ್ಟಿಗೆ ಮೊಬೈಲ್ ಸ್ಟಾರ್ಟರ್ ಮಾಡುತ್ತೇವೆಂದು ಹೊರಟರೆ ನನಗೆ ಸಂತೋಷ. ಮಾದರಿ ಬೋರ್ಡು ಮೇಜಿನ ಮೇಲೆ ಓಡಿದೊಡನೆ ಒಂದು ಪ್ರಶ್ನೆ ಎದುರಾಗುತ್ತದೆ. ಬೆಂಗಳೂರು, ಮೈಸೂರಿನ ಕಾರ್ಖಾನೆಗೆ ಬಿಡಿಭಾಗ ಕೂರಿಸಿ ಬೆಸುಗೆ ಹಾಕುವುದನ್ನಷ್ಟೇ ಒಪ್ಪಿಸುವುದೋ, ಪ್ರೋಗ್ರಾಂ ಹಾಕಿ ಪರೀಕ್ಷೆಯನ್ನೂ ಮುಗಿಸಿ ಕೊಡಿ ಎನ್ನುವುದೋ? ಅಂಥವರಿಗೆ ನನ್ನ ಮಾತಿಷ್ಟು.

• ದರ ಕೇಳುವ ಮೊದಲು ಒಂದು ಹಾಳೆ ಬರೆಯಿರಿ. ಯಾವ ಜಾಗದಲ್ಲಿ 3.3 ವೋಲ್ಟ್ ಇರಬೇಕು, ಎಷ್ಟು ಹೆಚ್ಚುಕಡಿಮೆ ನಡೆಯುತ್ತದೆ, ಮೂರು ಫೇಸಿನಲ್ಲಿ ಒಂದು ಹೋದರೆ ಎಷ್ಟು ಸೆಕೆಂಡಿನಲ್ಲಿ ರಿಲೇ ಬಿಡಬೇಕು, ಸಿಮ್ ಹಾಕಿದಾಗ ಏನಾಗಬೇಕು. ಈ ಹಾಳೆ ಬರೆಯಲು ಬಾರದಿದ್ದರೆ ಪರೀಕ್ಷೆಯನ್ನು ಹೊರಗೆ ಕೊಡಲೇಬೇಡಿ. ಎಲ್‌ಇಡಿ ಹತ್ತಿತೆಂದು ಪಾಸ್ ಮಾಡಿಬಿಡುತ್ತಾರೆ. ರಿಲೇ ಬಿಡದಿದ್ದರೆ ಸುಡುವುದು ರೈತನ ಮೋಟಾರು, ಅದೂ ತೋಟಕ್ಕೆ ನೀರು ಬೇಕೇ ಬೇಕಾದ ಏಪ್ರಿಲ್‌ನಲ್ಲಿ.

• ಮೊದಲ ಬ್ಯಾಚಿಗೆ ಬರಿ ಜೋಡಣೆಯೇ ಸರಿ. ಪ್ರೋಗ್ರಾಂ ಇನ್ನೂ ವಾರವಾರ ಬದಲಾಗುತ್ತಿರುತ್ತದೆ. ಒಂದೊಂದು ಬೋರ್ಡನ್ನೂ ನೀವೇ ಪರೀಕ್ಷಿಸಿದರೆ ಯಾವ ಬೆಸುಗೆ ಕೈಕೊಡುತ್ತದೆ, ಯಾವ ಕನೆಕ್ಟರ್ ಸಡಿಲ ಎಂಬುದು ಕೈಗೇ ತಿಳಿಯುತ್ತದೆ. ಈ ತಿಳಿವಳಿಕೆಯನ್ನು ದುಡ್ಡು ಕೊಟ್ಟು ತರಲಾಗದು.

• ಜೋಡಣೆಯವರು "ತಪಾಸಣೆ ಆಗಿದೆ" ಎಂದರೆ ಯಾವ ತಪಾಸಣೆ ಎಂದು ಕೇಳಿ. ಕ್ಯಾಮೆರಾ ಯಂತ್ರ ನೋಡುವುದು ಬಿಡಿಭಾಗ ಇದೆಯೇ, ತಿರುಗಿ ಕೂತಿದೆಯೇ, ಬೆಸುಗೆ ಅಂಟಿಕೊಂಡಿದೆಯೇ ಎಂಬುದನ್ನು. ಸರ್ಕ್ಯೂಟ್ ಕೆಲಸ ಮಾಡುತ್ತದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ. ಚಿಪ್ಪಿನ ಅಡಿಯಲ್ಲಿರುವ ಬೆಸುಗೆ ಅದಕ್ಕೆ ಕಾಣುವುದೂ ಇಲ್ಲ.

• ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ದುಡಿದವರು ನಿಮ್ಮ ಮನೆಯಲ್ಲೇ ಇರಬಹುದು, ಕೇಳಿ ನೋಡಿ. ಬರಿ ಎರಕಕ್ಕೆ ಒಂದು ದರ, ಮಷಿನಿಂಗ್ ಮಾಡಿ ಅಳತೆ ನೋಡಿ ಕೊಟ್ಟರೆ ಇನ್ನೊಂದು. ಎಷ್ಟು ವ್ಯತ್ಯಾಸ ಒಪ್ಪಿಗೆ ಎಂಬುದು ಡ್ರಾಯಿಂಗಿನಲ್ಲೇ ಇರುತ್ತದೆ. ಬೋರ್ಡಿಗೂ ಅದೇ ಲೆಕ್ಕ.

• ಪರೀಕ್ಷೆಯ ಜಿಗ್ ನಿಮ್ಮದೇ ಇರಲಿ. ಕಾರ್ಖಾನೆಯವರು ಮಾಡಿಕೊಡುತ್ತೇವೆ ಎಂದರೂ ಬೇಡ. ಬೋರ್ಡಿನ ಒಂದೇ ಮಗ್ಗುಲಿಗೆ ಟೆಸ್ಟ್ ಪಾಯಿಂಟುಗಳನ್ನು ವಿನ್ಯಾಸದಲ್ಲೇ ಇಡಿ. ಹೈಲಮ್ ಹಲಗೆ ಕೊರೆಸಿ, ಸ್ಪ್ರಿಂಗ್ ಪಿನ್ನುಗಳನ್ನು ಕೂರಿಸಿ. ಹೀಗೆ ಎರಡು ಮಾಡಿ: ಒಂದು ಅವರಲ್ಲಿ, ಒಂದು ನಿಮ್ಮಲ್ಲಿ. ಜೊತೆಗೆ ಸರಿಯೆಂದು ಖಚಿತವಾದ ಒಂದು ಬೋರ್ಡು, ಬೇಕೆಂದೇ ಕೆಡಿಸಿದ ಒಂದು ಬೋರ್ಡು ಕೊಡಿ. ಬೆಳಿಗ್ಗೆ ಕೆಲಸ ಶುರುವಾಗುವ ಮುನ್ನ ಜಿಗ್ ಮೊದಲನೆಯದನ್ನು ಪಾಸ್, ಎರಡನೆಯದನ್ನು ಫೇಲ್ ಮಾಡಬೇಕು. ಕೆಟ್ಟದ್ದನ್ನೂ ಪಾಸ್ ಮಾಡಿದರೆ ಅಂದಿನ ಕೆಲಸ ನಿಲ್ಲಿಸಲಿ.

• ಮಲೆನಾಡಿನ ಮಳೆಯನ್ನು ಮರೆಯಬೇಡಿ. ಸ್ಟಾರ್ಟರ್ ಡಬ್ಬಿಯೊಳಗೆ ತೇವ, ಇರುವೆ, ಹಲ್ಲಿ ಎಲ್ಲವೂ ಹೋಗುತ್ತವೆ. ಹಾಗಾಗಿ ಬೋರ್ಡಿಗೆ ಕೋಟಿಂಗ್ ಬೇಕು. ಕೋಟಿಂಗ್ ಆದಮೇಲೆ ಟೆಸ್ಟ್ ಪಾಯಿಂಟ್ ಮುಚ್ಚಿಹೋಗುತ್ತದೆ. ಕೋಟಿಂಗ್ ಕಾರ್ಖಾನೆಯಲ್ಲೇ ಆಗಬೇಕಿದ್ದರೆ ಪ್ರೋಗ್ರಾಂ, ಪರೀಕ್ಷೆಯೂ ಅಲ್ಲೇ, ಅದಕ್ಕೆ ಮೊದಲೇ ಆಗಬೇಕು. ಎಷ್ಟೋ ಸಲ ಇದೊಂದೇ ವಿಷಯ ನಿಮ್ಮ ಪ್ರಶ್ನೆಯನ್ನು ತೀರ್ಮಾನಿಸುತ್ತದೆ.

• ಪ್ರೋಗ್ರಾಂ ಕೊಡುವಾಗ ಹೆಕ್ಸ್ ಫೈಲ್ ಮಾತ್ರ ಕೊಡಿ, ಸೋರ್ಸ್ ಬೇಡ. ಚಿಪ್ಪಿನಿಂದ ಓದಲಾಗದಂತೆ ಬೀಗ ಹಾಕಿಸಿ. ಆವೃತ್ತಿಯ ಸಂಖ್ಯೆ ಪ್ರತಿ ಬೋರ್ಡಿನ ಲೇಬಲ್ಲಿನ ಮೇಲಿರಲಿ.

• ಬಿಡಿಭಾಗ ನೀವೇ ಕೊಟ್ಟರೆ ಅದು ಜಾಬ್ ವರ್ಕ್. ಡೆಲಿವರಿ ಚಲನ್ ಇಟ್ಟು ಕಳಿಸಿ. ಜಿಎಸ್‌ಟಿ ಪ್ರಕಾರ ಆ ಸರಕು 1 ವರ್ಷದೊಳಗೆ ಮರಳಬೇಕು. ಸಣ್ಣ ರೆಸಿಸ್ಟರ್, ಕೆಪಾಸಿಟರ್‌ಗಳನ್ನು ಸ್ವಲ್ಪ ಹೆಚ್ಚಿಗೆ ಕೊಡಿ, ಯಂತ್ರ ಕೆಲವನ್ನು ಚೆಲ್ಲುತ್ತದೆ.

• ಪೂರ್ತಿ ಕೆಲಸ ಒಪ್ಪಿಸುವ ಹೊತ್ತು ಯಾವಾಗ? ಒಂದು ಮಳೆಗಾಲ, ಒಂದು ಬೇಸಿಗೆ ಕಳೆದರೂ ಪ್ರೋಗ್ರಾಂ ಬದಲಾಯಿಸುವ ಅಗತ್ಯ ಬರಲಿಲ್ಲವೆಂದರೆ. ಆಮೇಲೆ ಸಮಯ ಲೆಕ್ಕಹಾಕಿ: ಒಂದು ಬೋರ್ಡಿನ ಪರೀಕ್ಷೆಗೆ 6 ನಿಮಿಷವಾದರೆ 500 ಬೋರ್ಡಿಗೆ 50 ಗಂಟೆ. ಆ 50 ಗಂಟೆಯನ್ನು ನೀವು ತೋಟಗಳಲ್ಲಿ, ರೈತರ ದೂರು ಕೇಳುವುದರಲ್ಲಿ ಕಳೆಯುವುದು ಒಳ್ಳೆಯದು.

• ಫೇಲಾದ ಬೋರ್ಡನ್ನು ರಿಪೇರಿ ಮಾಡುವವರು ಯಾರು, ಬೆಂಗಳೂರಿಗೆ ಹೋಗಿಬರುವ ಸಾಗಣೆ ಯಾರ ತಲೆಗೆ, ಎಷ್ಟು ದಿನದಲ್ಲಿ ವಾಪಸ್ಸು ಎಂಬುದು ಆರ್ಡರಿನಲ್ಲೇ ಇರಲಿ. ಫೋನಿನಲ್ಲಿ ಆಡಿದ ಮಾತನ್ನು ನಂಬಿ ಮುಂದುವರಿಯಬೇಡಿ.

• ಪರೀಕ್ಷೆ ಮುಗಿದು ಬಂದ ಮಾಲಾದರೂ ಪ್ರತಿ ಪೆಟ್ಟಿಗೆಯಿಂದ ಕೆಲವನ್ನು ತೆಗೆದು ನಿಮ್ಮ ಜಿಗ್ಗಿನ ಮೇಲೆ ಕೂರಿಸಿ ನೋಡಿ. ಬಿಲ್ಲಿಗೆ ಹಣ ಆಮೇಲೆ ಕೊಡಿ.