ರಿಮೋಟ್ ನಿನ್ನ ಕೈಯಲ್ಲಿ, ಲೆಕ್ಕ ನಾಯಿಯ ತಲೆಯಲ್ಲಿ

ಮೊನ್ನೆ ಭಾನುವಾರ ವಿದ್ಯಾನಗರದ ನಿಮ್ಮ ಮನೆಗೆ ಬಂದಾಗ ಬ್ರೂನೋ ಎಂದಿನಂತೆ ಹಾರಿ ಬಂದು ಮೈಮೇಲೆ ಬೀಳಲಿಲ್ಲ. ಬಾಲ ಕಾಲಸಂದಿಗೆ ಸಿಗಿಸಿಕೊಂಡು ಸೋಫಾ ಹಿಂದೆ ನಿಂತಿತ್ತು. ಕೊರಳಲ್ಲಿ ಕರೀ ಡಬ್ಬಿಯ ಶಾಕ್ ಪಟ್ಟಿ, ಟೀಪಾಯಿ ಮೇಲೆ ಅದರ ರಿಮೋಟು. ನಿಮ್ಮ ಅವ್ವನ ಮುಂದೆ ಏನೂ ಅನ್ನಲಿಲ್ಲ. ಹರಿಹರಕ್ಕೆ ವಾಪಸ್ ಬಂದ ಮೇಲೆ ತಡೆಯಲಾಗದೆ ಬರೀತಿದ್ದೀನಿ. ಬೈಯೋದಕ್ಕಲ್ಲ ಅಳಿಯಾ.

ಆ ಪಟ್ಟಿ ಬಿಚ್ಚಿಸಿ ನನ್ನ ಮುಂಗೈಗೆ ಕಟ್ಟಿಕೊಂಡೆನಲ್ಲ. ಮೂರನೇ ನಂಬರಿಗೆ ಇರುವೆ ಕಡಿದಂತಾಯ್ತು. ಎಂಟಕ್ಕೆ ಕೈ ತಾನಾಗಿಯೇ ಜಗ್ಗಿ, ಲೋಟದ ಚಹಾವೆಲ್ಲ ಮಂಡಕ್ಕಿ ತಟ್ಟೆಗೆ ಬಿತ್ತು. ನೀನು ನಕ್ಕೆ, ನಾನೂ ನಕ್ಕೆ. ನನಗೆ ಶಾಕ್ ಯಾವಾಗ ಬರುತ್ತೆ ಅಂತ ಗೊತ್ತಿತ್ತು, ಒತ್ತುವವನು ನೀನೇ ಅಂತಲೂ ಗೊತ್ತಿತ್ತು. ಬ್ರೂನೋಗೆ ಎರಡೂ ಗೊತ್ತಿಲ್ಲ.

ಆ ಪಟ್ಟಿಯಿಂದ ಏನೂ ಆಗಲ್ಲ ಅಂತ ವಾದಿಸಲ್ಲ. ಸರಕ್ಕನೆ ಓಡುವುದನ್ನು ಕಂಡರೆ ಬೆನ್ನು ಹತ್ತುವ ನಾಯಿಗಳ ಮೇಲೆ ಅಮೆರಿಕದ ಅರಿಜೋನಾದ ವಿಶ್ವವಿದ್ಯಾಲಯದವರು ಮಾಡಿದ ಪರೀಕ್ಷೆ 2024ರಲ್ಲಿ ಪ್ರಕಟವಾಯ್ತು. ಶಾಕ್ ಪಟ್ಟಿ ಹಾಕಿದವು ಬೇಗನೆ ಆ ಚಾಳಿ ಬಿಟ್ಟವು, ಬರೀ ತಿನಿಸಿನಿಂದ ಕಲಿತವು ಅಷ್ಟು ಹೊತ್ತಿನಲ್ಲಿ ಬಿಡಲಿಲ್ಲ. ಜಗಳೂರು ಕಡೆ ತೋಟದ ಮನೆ ಮಾಡಿಕೊಂಡು, ನಿನ್ನ ನಾಯಿ ದಿನಾ ಯಾರದೋ ಕುರಿಹಿಂಡಿಗೆ ನುಗ್ಗುತ್ತಿದ್ದರೆ, ಬಲ್ಲವರ ಕೈಗೆ ಆ ರಿಮೋಟ್ ಕೊಡು ಅಂತ ನಾನೇ ಹೇಳುತ್ತಿದ್ದೆನೇನೋ. ಆದರೆ ಕರೆದರೆ ಬರುವುದನ್ನು ಕಲಿಸೋಕೆ ಅದು ಬೇಕಾಗಿಲ್ಲ. ಇಂಗ್ಲೆಂಡಿನ ಲಿಂಕನ್ ವಿಶ್ವವಿದ್ಯಾಲಯದವರು 2020ರಲ್ಲಿ 63 ನಾಯಿಗಳ ಅಧ್ಯಯನ ಪ್ರಕಟಿಸಿದರು. ಅದರಲ್ಲಿ ತಿನಿಸು, ಮೆಚ್ಚುಗೆಯಿಂದ ಕಲಿತ ನಾಯಿಗಳು ಪಟ್ಟಿಯವಕ್ಕಿಂತ ಹಿಂದೆ ಬೀಳಲಿಲ್ಲ. ವೇಲ್ಸ್ ದೇಶದಲ್ಲಂತೂ 2010ರಿಂದಲೇ ಈ ಪಟ್ಟಿಗೆ ನಿಷೇಧ ಇದೆ. ನಮ್ಮಲ್ಲಿ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ, ಅನಗತ್ಯವಾಗಿ ನೋವು ಕೊಡುವುದೇ ಅಪರಾಧ ಅನ್ನುತ್ತೆ.

ನಿನ್ನ ಮನೆಯಲ್ಲಿ ಕುರಿಯೂ ಇಲ್ಲ, ಓಟವೂ ಇಲ್ಲ. ಇರೋದು ಬೊಗಳಾಟ. ಬೊಗಳಿದ್ದಕ್ಕೆ ಒತ್ತಿದೆ ಅಂತ ನಿನ್ನ ಲೆಕ್ಕ. ಆ ಗಳಿಗೆಯಲ್ಲಿ ಅದರ ಕಣ್ಣು ಎಲ್ಲಿತ್ತು? ಗೇಟಿನಾಚೆ ಎದುರುಮನೆ ಹುಡುಗಿ ಸೈಕಲ್ ತುಳೀತಾ ಹೋಗುತ್ತಿದ್ದಳು. ಕೊರಳಿಗೆ ಚುರುಕ್ ಅಂದದ್ದು ಆ ಸೈಕಲಿನಿಂದ ಅಂತ ಅದು ಲೆಕ್ಕ ಹಾಕಿಕೊಂಡರೆ, ನಾಳೆ ಆ ಹುಡುಗಿಯನ್ನು ಕಂಡು ಹಲ್ಲು ತೋರಿಸುತ್ತೆ. ಗುರ್ ಅಂದಾಗಲೂ ನೀನು ಒತ್ತಿದರೆ ಗುರ್ ಅನ್ನೋದನ್ನೂ ಬಿಟ್ಟು ನೇರ ಬಾಯಿ ಹಾಕುತ್ತೆ. ನನಗೆ ದೊಡ್ಡ ಭಯ ಅದೇ. ನಾನು ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮುಂದೆ ನಿಂತು ತಲೆ ನರೆಸಿಕೊಂಡವನು. ಗುಂಡಿ ಒತ್ತಿದರೆ ಲೇತ್ ನಿಲ್ಲುತ್ತೆ, ಯಾಕೆ ನಿಲ್ಲಿಸಿದೆ ಅಂತ ಕೇಳಲ್ಲ. ನಾಯಿ ಕೇಳುತ್ತೆ, ಉತ್ತರವನ್ನೂ ತಾನೇ ಹುಡುಕಿಕೊಳ್ಳುತ್ತೆ.

ನಾನೇನು ಸಾಚಾ ಅಲ್ಲ. ಕ್ವಾರ್ಟರ್ಸ್‌ನಲ್ಲಿದ್ದಾಗ ಕೆಂಚ ಅಂತ ಒಂದು ನಾಯಿ ಇತ್ತು. ರಾತ್ರಿ ಪಾಳಿ ಮುಗಿಸಿ ಮಲಗಿದರೆ ಹಗಲೆಲ್ಲ ಬೊಗಳೋದು. ಸೊಂಟದ ಬೆಲ್ಟು ಬಿಚ್ಚಿ ಬಾರಿಸಿದೆ, ವಾರದಲ್ಲಿ ಸುಮ್ಮನಾಯ್ತು. ನನ್ನ ಜಾಣತನಕ್ಕೆ ನಾನೇ ಬೀಗಿದೆ. ಮುಂದೆ ಒಂದು ರಾತ್ರಿ ಕಳ್ಳ ಬಂದು ಸೈಕಲ್ ಒಯ್ದ. ಬೆಳಿಗ್ಗೆ ನೋಡಿದರೆ ಕೆಂಚ ಅಲ್ಲೇ ಮೂಲೆಯಲ್ಲಿ ಮುದುಡಿ ಕೂತಿತ್ತು. ನಿಮ್ಮತ್ತೆ ಇವತ್ತಿಗೂ ಆ ಮಾತೆತ್ತಿ ನಗುತ್ತಾಳೆ.

ಹೆದರಿದ ನಾಯಿ ಹಾಗೆ ಮುದುಡಿದರೆ, ಹುಮ್ಮಸ್ಸಿನ ನಾಯಿ ಏನು ಮಾಡುತ್ತೆ ನೋಡು. 2020ರ ಜುಲೈಯಲ್ಲಿ ಚನ್ನಗಿರಿ ತಾಲ್ಲೂಕಿನ ಕೊಲೆ ಪ್ರಕರಣದಲ್ಲಿ ನಮ್ಮ ಜಿಲ್ಲಾ ಪೊಲೀಸರ ಡಾಬರ್‌ಮನ್ ‘ತುಂಗಾ’ ವಾಸನೆ ಹಿಡಿದು ಹತ್ತು ಕಿಲೋಮೀಟರಿಗೂ ಹೆಚ್ಚು ಓಡಿದ್ದು ಪೇಪರಿನಲ್ಲಿ ಓದಿದ್ದೆಯಲ್ಲ? ವಾಸನೆ ಹುಡುಕೋದು ನಾಯಿಗೆ ಆಟ. ಆಟದ ಹುಮ್ಮಸ್ಸು ಇಲ್ಲದೆ ಅಂಥ ಓಟ ಬರಲ್ಲ.

ಈಗ ಬ್ರೂನೋ ಯಾಕೆ ಬೊಗಳುತ್ತೆ ಅನ್ನೋದು ನೋಡು. ನೀವಿಬ್ಬರೂ ಒಂಬತ್ತಕ್ಕೆ ಮನೆ ಬಿಟ್ಟರೆ ಬರೋದು ಸಂಜೆ ಆರಕ್ಕೆ. ಅಲ್ಲಿತನಕ ಅದು ಮಾಳಿಗೆ ಮೇಲೆ, ದಾವಣಗೆರೆ ಬಿಸಿಲಲ್ಲಿ, ಒಂಟಿ. ನಾವಾದರೂ ಬೊಗಳುತ್ತಿದ್ದೆವು. ಕೆಳಗೆ ನೆರಳಿಗೆ ಕಟ್ಟು, ಮಧ್ಯಾಹ್ನ ಅವ್ವ ಒಮ್ಮೆ ಮಾತಾಡಿಸಲಿ. ಬೆಳಿಗ್ಗೆ ಬಿಸಿಲೇರುವ ಮೊದಲು ಕುಂದುವಾಡ ಕೆರೆ ಕಡೆ ಮುಕ್ಕಾಲು ಗಂಟೆ ನಡೆಸು, ಮೂಸಿದ್ದನ್ನೆಲ್ಲ ಮೂಸಲಿ, ಎಳೀಬೇಡ. ಮೂವತ್ತಡಿ ನೂಲಿನ ಹಗ್ಗ ಕಟ್ಟಿ ಬಯಲಲ್ಲಿ ಬಿಡು. ಕರಿ, ತಿರುಗಿ ನೋಡಿದ ಕೂಡಲೇ ‘ಭೇಷ್’ ಅನ್ನು, ಬಂದ ಕೂಡಲೇ ಬೇಯಿಸಿದ ಮೊಟ್ಟೆಯ ಚೂರು ಕೊಡು. ತಡವಾಗಿ ಬಂದರೂ ಬೈಯಬೇಡ, ಬಂದದ್ದಕ್ಕೇ ಬೈದ ಅಂದುಕೊಳ್ಳುತ್ತೆ.

ಇನ್ನೊಂದು ಮಾತು. ಕೊರಳ ಕೂದಲು ಸರಿಸಿ ನೋಡಿದ್ದೆ. ಎರಡು ಕಡೆ ಕಡಲೆಕಾಳಿನಷ್ಟು ಕೆಂಪಗೆ ಒಸರುತ್ತಿತ್ತು. ಅದು ಕರೆಂಟಿನ ಗಾಯವಲ್ಲ, ಆ ಎರಡು ಲೋಹದ ಮೊಳೆಗಳು ದಿನಗಟ್ಟಲೆ ಒಂದೇ ಕಡೆ ಒತ್ತಿ ಆದದ್ದು. ಇವತ್ತೇ ಪಟ್ಟಿ ಬಿಚ್ಚಿ ಪಶು ವೈದ್ಯರಿಗೆ ತೋರಿಸು.

ರಿಮೋಟು ಚಾರ್ಜಿಗೆ ಹಾಕಬೇಡ. ಬರುವ ಭಾನುವಾರ ಬ್ರೂನೋನ ಕರ್ಕೊಂಡು ಹರಿಹರಕ್ಕೆ ಬಾ. ಹೊಳೆ ದಂಡೆ ಬೆಳಿಗ್ಗೆ ಖಾಲಿ ಇರುತ್ತೆ. ಹಗ್ಗ ನನ್ನ ಹತ್ತಿರ ಇದೆ, ಮೊಟ್ಟೆ ನಿಮ್ಮತ್ತೆ ಬೇಯಿಸಿ ಇಡ್ತಾಳೆ.