ಹೃದಯದ ಬಾಗಿಲು

ಚನ್ನಗಿರಿಯ ಅಡಕೆ ತೋಟಗಳ ನಡುವಿನ ಊರಾಗಲಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳ ಹಳ್ಳಿಯಾಗಲಿ, ಮಕ್ಕಳಿಗೆ ಗಂಟಲು ನೋವು ಬರುವುದು ಹೊಸದಲ್ಲ. ಉಪ್ಪುನೀರಿನಿಂದ ಬಾಯಿ ಮುಕ್ಕಳಿಸಿ ಹಿರಿಯರು ಅದನ್ನು ಮರೆತುಬಿಡುತ್ತಾರೆ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ಸೂಕ್ಷ್ಮಜೀವಿಯಿಂದ ಬಂದ ನೋವಾದರೆ, ಎರಡು ಮೂರು ವಾರಗಳ ತರುವಾಯ ಕೆಲವು ಮಕ್ಕಳಿಗೆ ಜ್ವರ ಬಂದು ಕೀಲುಗಳು ಒಂದಾದ ಮೇಲೊಂದು ಊದಿಕೊಳ್ಳುತ್ತವೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿ ಇದು ಹೆಚ್ಚು. ರೋಗಾಣುವಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾಶಕ್ತಿಯು ತನ್ನ ಅಂಗಗಳನ್ನೇ ಘಾಸಿಗೊಳಿಸುತ್ತದೆ. ಕೀಲುಗಳೇನೋ ಗುಣವಾಗುತ್ತವೆ, ಹೃದಯದ ಕವಾಟಗಳಲ್ಲಿ ಗಾಯದ ಕಲೆ ಉಳಿದುಬಿಡಬಹುದು.

ಹೃದಯದ ನಾಲ್ಕು ಕವಾಟಗಳಲ್ಲಿ ಎಡ ಹೃತ್ಕರ್ಣ ಹಾಗೂ ಎಡ ಹೃತ್ಕುಕ್ಷಿಗಳ ನಡುವಿನ ದ್ವಿದಳ ಕವಾಟಕ್ಕೇ ಈ ಪೆಟ್ಟು ಹೆಚ್ಚಾಗಿ ಬೀಳುತ್ತದೆ. ದಳಗಳು ಅಂಟಿಕೊಂಡರೆ ರಕ್ತದ ದಾರಿ ಕಿರಿದಾಗುತ್ತದೆ. ಮುದುಡಿಕೊಂಡರೆ ಬಾಗಿಲು ಮುಚ್ಚದೆ ರಕ್ತವು ಹಿಂದಕ್ಕೆ ಸೋರುತ್ತದೆ. ಸೋರಿದ ರಕ್ತವನ್ನೂ ಹೊತ್ತು ದುಡಿಯುವ ಹೃತ್ಕುಕ್ಷಿ ಹಿಗ್ಗುತ್ತದೆ, ಕ್ರಮೇಣ ಅದರ ಸ್ನಾಯು ದುರ್ಬಲವಾಗುತ್ತದೆ. ಓಡಿಯಾಡುತ್ತಿದ್ದ ಮಗು ನಾಲ್ಕು ಹೆಜ್ಜೆಗೇ ಏದುಸಿರು ಬಿಡತೊಡಗುತ್ತದೆ.

ಶಸ್ತ್ರವೈದ್ಯರ ಮುಂದೆ ಕಠಿಣವಾದ ಪ್ರಶ್ನೆ ನಿಲ್ಲುವುದು ಇಲ್ಲಿಯೇ. ಸೋರುವ ಕವಾಟ ಕೆಟ್ಟದ್ದು, ನಿಜ. ಆದರೂ ಬಳಲಿದ ಸ್ನಾಯುವಿಗೆ ಅದೊಂದು ಸುಲಭದ ಹಿಂದಾರಿ. ಆ ದಾರಿ ಮುಚ್ಚಿದೊಡನೆ, ಮಹಾಪಧಮನಿಯ ಒತ್ತಡವನ್ನು ಎದುರಿಸಿ ರಕ್ತವೆಲ್ಲವನ್ನೂ ಮುಂದಕ್ಕೆ ನೂಕುವ ಭಾರ ಆ ಸ್ನಾಯುವಿನ ಮೇಲೆ ಬೀಳುತ್ತದೆ. ಆದುದರಿಂದ ಸ್ನಾಯು ತೀರ ಸೋಲುವ ಮೊದಲೇ ಶಸ್ತ್ರಕ್ರಿಯೆ ನಡೆಯಬೇಕು. ಸಾಧ್ಯವಾದರೆ ಮಗುವಿನ ಸ್ವಂತ ಕವಾಟವನ್ನೇ ಹೊಲಿದು ಸರಿಪಡಿಸುತ್ತಾರೆ. ಕೃತಕ ಕವಾಟವು ಮಗುವಿನೊಡನೆ ಬೆಳೆಯದು; ಯಾಂತ್ರಿಕ ಕವಾಟವಾದರೆ ರಕ್ತ ಹೆಪ್ಪುಗಟ್ಟದಂತೆ ಜೀವಮಾನವಿಡೀ ಔಷಧಿ ಸೇವಿಸಬೇಕು. ಅಂಥ ಕವಾಟವೊಂದನ್ನು ತಿರುವನಂತಪುರದ ಶ್ರೀ ಚಿತ್ರಾ ಸಂಸ್ಥೆಯು ನಮ್ಮ ದೇಶದಲ್ಲಿಯೇ ರೂಪಿಸಿ, 1990ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿತು.

ದಳಗಳು ಕೇವಲ ಅಂಟಿಕೊಂಡಿದ್ದರೆ ಅನೇಕ ವೇಳೆ ಎದೆಯನ್ನು ತೆರೆಯಬೇಕಾದುದೇ ಇಲ್ಲ. 1982ರಲ್ಲಿ ಜಪಾನಿನ ವೈದ್ಯ ಕಂಜಿ ಇನೌಯೆ, ತೊಡೆಯ ಸಂದಿನ ರಕ್ತನಾಳದ ಮೂಲಕ ಪುಟ್ಟ ಬಲೂನನ್ನು ಹೃದಯಕ್ಕೆ ಸಾಗಿಸಿ, ಅದನ್ನು ಉಬ್ಬಿಸಿ ದಳಗಳನ್ನು ಬಿಡಿಸಿದರು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯಲ್ಲಿಯೂ ಈ ಚಿಕಿತ್ಸೆ ದೊರೆಯುತ್ತದೆ.

ಜಗಳೂರಿನಿಂದ ಬೆಂಗಳೂರಿಗೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಆದರೆ ರೋಗವನ್ನು ಗುರುತಿಸಲು ಅಷ್ಟು ದೂರ ಹೋಗಬೇಕಾಗಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರು ಅಂಗನವಾಡಿಗಳಿಗೂ ಸರ್ಕಾರಿ ಶಾಲೆಗಳಿಗೂ ಬಂದು ಮಕ್ಕಳನ್ನು ಪರೀಕ್ಷಿಸುತ್ತಾರೆ. ಕೆಟ್ಟ ಕವಾಟದ ಮರ್ಮರ ಶಬ್ದ ಅವರ ಸ್ಟೆತೊಸ್ಕೋಪಿಗೆ ಕೇಳಿಸಬಹುದು. ಒಮ್ಮೆ ಈ ಜ್ವರ ಬಂದ ಮಗುವಿಗೆ ಮೂರು ನಾಲ್ಕು ವಾರಗಳಿಗೊಮ್ಮೆ ಪೆನಿಸಿಲಿನ್ ಚುಚ್ಚುಮದ್ದು ಬೇಕು. ಶಸ್ತ್ರಕ್ರಿಯೆ ಮುಗಿದ ಮೇಲೂ ಅದನ್ನು ವರ್ಷಾನುಗಟ್ಟಲೆ ಮುಂದುವರಿಸುತ್ತಾರೆ.